‘ಎಂದರು’ ಇದ್ದಮೇಲೆ ‘ಎಂದು ಹೇಳಿದರು’ ಏಕೆ?

ಕರಡು ತಿದ್ದುವವಳು

ಎಲ್ಲರಿಗೂ ನಮಸ್ಕಾರ. ನಾನು ಪುಸ್ತಕಗಳ ಕರಡು ತಿದ್ದುತ್ತೇನೆ. ಈಗ ಕೈಯಲ್ಲಿರುವುದು ಒಂದು ಆತ್ಮಕಥನದ ಹಸ್ತಪ್ರತಿ. ಅದನ್ನು ಒಪ್ಪಿಸುವಾಗ ಹಿರಿಯ ಸಂಪಾದಕರೊಬ್ಬರು, ‘ಎಂದು ಹೇಳಿದರು’ ಬಂದ ಕಡೆಯಲ್ಲೆಲ್ಲ ‘ಎಂದರು’ ಮಾಡಿ ಎಂಬ ಸೂಚನೆ ಕೊಟ್ಟರು. ಅವರ ವಾದ ಇದು: ‘ಎಂದು’ ಎನ್ನುವುದು ‘ಎನ್ನು’ ಧಾತುವಿನ ಭೂತನ್ಯೂನ ರೂಪ (‘ಮಾಡಿ’, ‘ಬಂದು’ ಎಂಬಂತೆ ಮುಂದೆ ಇನ್ನೊಂದು ಕ್ರಿಯಾಪದವನ್ನು ಬಯಸುವ ರೂಪ), ಅದರ ಅರ್ಥವೇ ‘ಹೇಳಿ’. ಹಾಗಿರುವಾಗ ‘ಎಂದು ಹೇಳಿದರು’ ಎಂದು ಬರೆದರೆ ‘ಹೇಳಿ ಹೇಳಿದರು’ ಎಂದಂತಾಗುತ್ತದೆ. ಅದು ಪುನರುಕ್ತಿ.

ಕೆಲವು ಪುಟಗಳಲ್ಲಿ ಈ ತಿದ್ದುಪಡಿಯಿಂದ ವಾಕ್ಯಗಳಿಗೆ ನಿಜವಾಗಿಯೂ ಚುರುಕು ಬಂತು. ಆಮೇಲೆ ಈ ವಾಕ್ಯ ಎದುರಾಯಿತು: ‘ಇನ್ನು ಓದಿಸಲು ಆಗುವುದಿಲ್ಲ ಎಂದು ಅಪ್ಪ ನನಗೆ ಹೇಳಿದ ದಿನ ಮಳೆ ಸುರಿಯುತ್ತಿತ್ತು.’ ಸೂಚನೆಯಂತೆ ತಿದ್ದಿದರೆ ಹೀಗಾಗುತ್ತದೆ: ‘ಅಪ್ಪ ನನಗೆ ಇನ್ನು ಓದಿಸಲು ಆಗುವುದಿಲ್ಲ ಎಂದ ದಿನ ಮಳೆ ಸುರಿಯುತ್ತಿತ್ತು.’ ವ್ಯಾಕರಣದ ತಪ್ಪು ಕಾಣುವುದಿಲ್ಲ. ಆದರೆ ಮೊದಲಿನ ವಾಕ್ಯದಲ್ಲಿ ಅಪ್ಪ ಮಗಳನ್ನು ಎದುರಿಗೆ ಕೂರಿಸಿಕೊಂಡು, ಕಷ್ಟವಾದರೂ ವಿಷಯ ತಿಳಿಸಿದ ಹಾಗಿದೆ. ಎರಡನೆಯದರಲ್ಲಿ ಒಂದು ಮಾತು ಆಡಿ ಎದ್ದುಹೋದ ಹಾಗಿದೆ.

‘ಎನ್ನು’ ಮತ್ತು ‘ಹೇಳು’ ಒಂದೇ ಅರ್ಥದ ಎರಡು ಕ್ರಿಯಾಪದಗಳೆ? ಒಂದರ ಜಾಗದಲ್ಲಿ ಇನ್ನೊಂದನ್ನು ಕಣ್ಣುಮುಚ್ಚಿಕೊಂಡು ಇಡಬಹುದೆ? ಬಲ್ಲವರು ದಯವಿಟ್ಟು ತಿಳಿಸಿ.

ವ್ಯಾಕರಣದ ಮೇಷ್ಟರು

ಇಡುವಂತಿಲ್ಲ ಮೇಡಂ. ಒಂದು ಜೋಡಿ ವಾಕ್ಯ ನೋಡಿದರೆ ಸಾಕು. ‘ಅವನು ಸುಳ್ಳು ಹೇಳಿದ.’ ‘ಅವನು ಸುಳ್ಳು ಎಂದ.’ ಮೊದಲನೆಯದರಲ್ಲಿ ಸುಳ್ಳುಗಾರ ಅವನೇ. ಎರಡನೆಯದರಲ್ಲಿ ಸುಳ್ಳು ಬೇರೆ ಯಾರದೋ. ಅವನು ಅದನ್ನು ಅಲ್ಲಗಳೆದವನು. ‘ಕಥೆ ಹೇಳಿದಳು’ ಎಂದರೆ ಕೇಳುವವರು ಸುತ್ತ ಕುಳಿತಿದ್ದಾರೆ. ‘ಕಥೆ ಎಂದಳು’ ಎಂದರೆ ನಡೆದದ್ದನ್ನೇ ಕಟ್ಟುಕಥೆ ಎಂದು ತಳ್ಳಿಹಾಕಿದಳು. ಎರಡು ಕ್ರಿಯಾಪದಗಳಿಗೆ ಅರ್ಥ ಒಂದೇ ಆಗಿದ್ದರೆ ಇಷ್ಟು ದೂರದ ವ್ಯತ್ಯಾಸ ಬರುತ್ತಿರಲಿಲ್ಲ.

‘ಹೇಳು’ ಬಯಸುವುದು ಒಂದು ವಿಷಯವನ್ನು, ಮತ್ತು ಆ ವಿಷಯ ತಲುಪಬೇಕಾದ ಒಬ್ಬರನ್ನು. ಏನನ್ನು ಹೇಳಿದ, ಯಾರಿಗೆ ಹೇಳಿದ ಎಂಬ ಎರಡು ಪ್ರಶ್ನೆಗಳಿಗೂ ಅದರಲ್ಲಿ ಜಾಗವಿದೆ. ‘ಎನ್ನು’ ಬಯಸುವುದು ಬಾಯಿಂದ ಹೊರಟ ಮಾತನ್ನೇ. ಆ ಮಾತು ಅದರ ಹಿಂದೆ ಇರಲೇಬೇಕು. ‘ಅವನು ಹೇಳಿದ’ ಎಂದು ಬರೆದು ಪೂರ್ಣವಿರಾಮ ಇಡಬಹುದು. ‘ಅವನು ಎಂದ’ ಎಂದು ಬರೆದು ಇಟ್ಟುನೋಡಿ, ವಾಕ್ಯ ಕುಂಟುತ್ತದೆ. ಏನೆಂದ ಎಂದು ಓದುಗ ಹಿಂದಿನ ವಾಕ್ಯಕ್ಕೆ ಹೋಗಿ ಹುಡುಕಬೇಕಾಗುತ್ತದೆ.

ಆಜ್ಞೆಯ ವಿಷಯದಲ್ಲೂ ಇದೇ ಭೇದ. ‘ಬರಲು ಹೇಳಿದರು’ ಸರಿ. ‘ಬರಲು ಎಂದರು’ ಎಂದು ಯಾರೂ ಬರೆಯುವುದಿಲ್ಲ, ‘ಬಾ ಎಂದರು’ ಎನ್ನಬೇಕು. ಅಂದರೆ ಆಜ್ಞೆಯ ಸಾರವನ್ನು ‘ಹೇಳು’ ಹೊರುತ್ತದೆ, ಆಜ್ಞೆಯ ಪದವನ್ನು ‘ಎನ್ನು’ ಹೊರುತ್ತದೆ. ‘ಹೇಳಿಕೊಡು’, ‘ಹೇಳಿ ಕಳುಹಿಸು’, ‘ಹೇಳಿ ಮಾಡಿಸಿದಂತಿದೆ’, ‘ಹೇಳದೆ ಕೇಳದೆ ಹೋದ’, ‘ಹೇಳತೀರದು’ ಇವುಗಳಲ್ಲಿ ಯಾವುದರಲ್ಲಾದರೂ ‘ಎನ್ನು’ ಕೂರುತ್ತದೆಯೇ ನೋಡಿ. ಒಂದರಲ್ಲೂ ಕೂರುವುದಿಲ್ಲ. ಇವೆಲ್ಲವೂ ವಿಷಯ ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಕೆಲಸಗಳು.

ಇನ್ನು ಪುನರುಕ್ತಿಯ ಆಕ್ಷೇಪ. ‘ಎಂದು ಯೋಚಿಸಿದ’, ‘ಎಂದು ಹೆದರಿದ’, ‘ಎಂದು ಬರೆದ’, ‘ಎಂದು ಕೇಳಿದ’ ಇವುಗಳಲ್ಲಿ ‘ಎಂದು’ ಇದೆಯಲ್ಲ? ಯೋಚಿಸುವವನು ಬಾಯಿ ಬಿಟ್ಟಿಲ್ಲ. ‘ಮಳೆ ಬರುತ್ತದೆಂದು ಕೊಡೆ ತಂದೆ’ ಎಂಬಲ್ಲಿ ಮಾತಿನ ಸುಳಿವೇ ಇಲ್ಲ, ಇರುವುದು ಕಾರಣ. ‘ಎಂದು’ ಹುಟ್ಟಿನಿಂದ ‘ಎನ್ನು’ವಿನ ರೂಪವೇ ಆದರೂ ಇಂದು ಅದು ಮಾತಿಗೂ ಮುಂದಿನ ಕ್ರಿಯಾಪದಕ್ಕೂ ಕೊಂಡಿಯಾಗಿ ನಿಂತಿದೆ. ‘ಎಂದು ಯೋಚಿಸಿದ’ ಎಂಬುದನ್ನು ಯಾರೂ ‘ಹೇಳಿ ಯೋಚಿಸಿದ’ ಎಂದು ಓದುವುದಿಲ್ಲ. ‘ಎಂದು ಹೇಳಿದ’ ಎಂಬುದನ್ನು ಮಾತ್ರ ‘ಹೇಳಿ ಹೇಳಿದ’ ಎಂದು ಓದಬೇಕೆನ್ನುವುದು ಯಾವ ನ್ಯಾಯ?

ಚಿಕ್ಕ ವಾಕ್ಯದ ಪಕ್ಷ

ಮೇಷ್ಟರ ವಿವರಣೆ ಚೆನ್ನಾಗಿದೆ. ಆದರೂ ನಾನು ಸಂಪಾದಕರ ಪರ ನಿಲ್ಲುತ್ತೇನೆ. ‘ಎಂದು ಹೇಳಿದರು’ ಎಂಬುದು ನಮಗೆ ಇಂಗ್ಲಿಷ್ ವರದಿಗಳ ಅನುವಾದದಿಂದ ಅಂಟಿದ ಅಭ್ಯಾಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡದ ಜಾಯಮಾನ ಬಿಗಿಯಾದದ್ದು. ‘ಎಂದ’ ಎಂಬ ಎರಡಕ್ಷರದಲ್ಲಿ ಮುಗಿಯುವುದಕ್ಕೆ ಐದಕ್ಷರ ಏಕೆ? ಅದಕ್ಕಿಂತ ಕೆಟ್ಟದ್ದು ‘ಎಂಬುದಾಗಿ ಹೇಳಿದರು’, ‘ಎಂಬುದಾಗಿ ತಿಳಿಸಿರುತ್ತಾರೆ’ ಎಂಬ ಕಚೇರಿ ಭಾಷೆ. ಒಂದು ಪುಟದಲ್ಲಿ ಹತ್ತು ಸಲ ‘ಎಂದು ಹೇಳಿದರು’ ಬಂದಾಗ ಓದುಗನಿಗೆ ಆಗುವ ಬೇಸರವನ್ನು ವ್ಯಾಕರಣದ ಸಮರ್ಥನೆ ಕಡಿಮೆ ಮಾಡುವುದಿಲ್ಲ.

ಹಳಗನ್ನಡದ ಓದುಗ

‘ಎಂಬುದಾಗಿ’ ಬಗ್ಗೆ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಇಂಗ್ಲಿಷಿನಿಂದ ಬಂತು ಎಂಬುದಕ್ಕೆ ಇಲ್ಲ. ಹಳಗನ್ನಡ ಗದ್ಯದಲ್ಲೇ ‘ಎಂದು ಪೇೞ್ದೊಡೆ’, ‘ಎಂದು ನುಡಿದೊಡೆ’ ಎಂಬ ಜೋಡಣೆಗಳು ಸಿಗುತ್ತವೆ, ಪಕ್ಕದಲ್ಲೇ ಬರಿಯ ‘ಎಂದೊಡೆ’ ಕೂಡ ಸಿಗುತ್ತದೆ. ಇಂದಿನ ‘ಹೇಳು’ ಅಂದು ‘ಪೇೞ್’. ಪಕಾರ ಹಕಾರವಾಗಿ, ೞಕಾರ ಳಕಾರವಾಗಿ ನಮ್ಮ ಕೈಗೆ ಬಂದಿದೆ. ಎರಡೂ ಪ್ರಯೋಗಗಳು ಹತ್ತಿರ ಹತ್ತಿರ ಸಾವಿರ ವರ್ಷ ಅಕ್ಕಪಕ್ಕದಲ್ಲಿ ಬದುಕಿವೆ. ಇಂಗ್ಲಿಷಿನ ನೆರಳು ಬೀಳುವುದಕ್ಕೆ ಎಷ್ಟೋ ಮೊದಲಿನ ಮಾತು ಇದು.

ಇನ್ನೂ ಬಲವಾದ ಸಾಕ್ಷಿ ಹನ್ನೆರಡನೆಯ ಶತಮಾನದ್ದು, ನಮ್ಮೆಲ್ಲರಿಗೂ ಬಾಯಿಪಾಠವಾಗಿರುವ ಬಸವಣ್ಣನವರ ವಚನ: ‘ಇವನಾರವ ಇವನಾರವ ಇವನಾರವನೆಂದೆನಿಸದಿರಯ್ಯ, ಇವ ನಮ್ಮವ ಇವ ನಮ್ಮವ ಇವ ನಮ್ಮವನೆಂದೆನಿಸಯ್ಯ’. ಈ ‘ಎಂದೆನಿಸಯ್ಯ’ವನ್ನು ಬಿಡಿಸಿದರೆ ‘ಎಂದು ಎನಿಸಯ್ಯ’. ಸಂಪಾದಕರ ತರ್ಕ ಹಿಡಿದರೆ ಇದು ಇನ್ನೂ ದೊಡ್ಡ ಪುನರುಕ್ತಿ, ಏಕೆಂದರೆ ಎರಡು ಕಡೆಯೂ ಒಂದೇ ಧಾತು. ಆದರೆ ‘ಎಂದು’ ಇಲ್ಲಿ ‘ಇವ ನಮ್ಮವ’ ಎಂಬ ಮಾತನ್ನು ಎತ್ತಿ ಕೊಡುತ್ತದೆ, ‘ಎನಿಸು’ ಜನರ ಬಾಯಲ್ಲಿ ಹಾಗೆ ಬರುವಂತೆ ಮಾಡು ಎನ್ನುತ್ತದೆ. ಎರಡಕ್ಕೂ ಬೇರೆ ಬೇರೆ ಕೆಲಸ.

ಇನ್ನೊಂದು ವಚನವನ್ನೂ ನೆನಪಿಸುತ್ತೇನೆ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂದು ಶುರುವಾಗುವುದು ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು’ ಎಂಬಲ್ಲಿಗೆ ಏರುತ್ತದೆ. ಏನು ನುಡಿಯಬೇಕು ಎಂಬುದನ್ನು ವಚನ ತಿಳಿಸುವುದಿಲ್ಲ, ನುಡಿಯುವ ಬಗೆಯನ್ನು ತಿಳಿಸುತ್ತದೆ. ಅದಕ್ಕೆ ‘ನುಡಿ’ ಎಂಬ ಕ್ರಿಯಾಪದ. ಕೇಳಿದ ಲಿಂಗದ ಬಾಯಿಂದ ಹೊರಡುವ ಮಾತು ಮಾತ್ರ ಇದ್ದ ಹಾಗೇ ಬಂದಿದೆ: ‘ಅಹುದಹುದು’. ಅದರ ಬೆನ್ನಿಗೆ ‘ಎನಬೇಕು’. ಮೇಷ್ಟರು ಮಾಡಿದ ವಿಭಾಗ ಒಂದೇ ಸಾಲಿನಲ್ಲಿ ಕಣ್ಣೆದುರು ನಿಂತಿದೆ.

ರೂಪಗಳ ಬಗ್ಗೆಯೂ ಒಂದು ಮಾತು. ಮೂಲ ಧಾತು ‘ಎನ್’. ತಿನ್ ಎಂಬುದು ತಿಂದ ಆದಂತೆ ಎನ್ ಎಂಬುದು ಎಂದ ಆಯಿತು. ‘ಎಂಬ’ ಎನ್ನುವುದು ಹಳೆಯ ಕೃದಂತ, ಅಂದರೆ ‘ಮಾಡುವ’ ಎಂಬಂತೆ ನಾಮಪದದ ಹಿಂದೆ ನಿಲ್ಲುವ ಕ್ರಿಯಾರೂಪ. ‘ಉಂಬ’, ‘ತಿಂಬ’, ‘ಕಾಂಬ’ ಇವುಗಳ ಒಡಹುಟ್ಟು. ಉಂಬ ಹೋಗಿ ಉಣ್ಣುವ ಬಂತು, ಕಾಂಬ ಹೋಗಿ ಕಾಣುವ ಬಂತು. ‘ಎನ್ನುವ’ ಕೂಡ ಬಂತು, ಆದರೆ ‘ಎಂಬ’ ಜಾಗ ಖಾಲಿ ಮಾಡಲಿಲ್ಲ. ಇಂದಿನ ಪತ್ರಿಕೆಯ ಯಾವ ಪುಟ ತೆರೆದರೂ ‘ಎಂಬ’ ಇದೆ. ಹಳಗನ್ನಡ ತಮಗೆ ಬರುವುದಿಲ್ಲ ಎನ್ನುವವರೂ ದಿನವೂ ಅದರದೊಂದು ತುಣುಕನ್ನು ಬಳಸುತ್ತಿದ್ದಾರೆ. ನನಗೆ ಇದು ಬಹಳ ಪ್ರಿಯವಾದ ಸಂಗತಿ.

ಭಾಷಾವಿಜ್ಞಾನದ ವಿದ್ಯಾರ್ಥಿ

ಕನ್ನಡ ಈ ದಾರಿಯಲ್ಲಿ ಒಂಟಿಯಾಗಿಲ್ಲ ಎಂಬುದನ್ನು ಸೇರಿಸುತ್ತೇನೆ. ತಮಿಳಿನ ‘ಎನ್ಱು’, ತೆಲುಗಿನ ‘ಅನಿ’, ಮಲಯಾಳದ ‘ಎನ್ನ್’ ಎಲ್ಲವೂ ‘ಹೇಳು’ ಎಂಬರ್ಥದ ಧಾತುವಿನಿಂದಲೇ ಬಂದ ಕೊಂಡಿಗಳು. ತುಳುವಿನಲ್ಲಿ ಅದೇ ಅರ್ಥದ ‘ಪಣ್’ ಧಾತು ಈ ಕೆಲಸಕ್ಕೆ ನಿಂತಿದೆ. ಮರಾಠಿಯ ‘ಮ್ಹಣೂನ್’, ದಖನಿಯ ‘ಬೋಲ್‌ಕೆ’ ಕೂಡ ಹಾಗೆಯೇ. ಸಂಸ್ಕೃತದ ‘ಇತಿ’ಗೆ ಕ್ರಿಯಾಪದದ ಮೂಲವಿಲ್ಲದಿದ್ದರೂ ಅದು ನಿಲ್ಲುವುದು ಮಾತಿನ ನಂತರವೇ. ಆದ್ದರಿಂದ ‘ಎಂದು ಹೇಳಿದ’ ಎಂಬುದನ್ನು ಹೊರಗಿನಿಂದ ಬಂದದ್ದು ಎನ್ನಲು ಆಧಾರ ಸಾಲದು.

‘ಎನ್ನು’ ಎಷ್ಟು ದೂರ ಸಾಗಿದೆ ಎಂಬುದು ಅನುಕರಣ ಶಬ್ದಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ತಲೆ ಧಿಮ್ಮೆಂದಿತು. ಎದೆ ಝಲ್ಲೆಂದಿತು. ಕಿವಿ ಗುಂಯ್ ಎನ್ನುತ್ತಿದೆ. ಬಾಗಿಲು ಧಡ್ ಎಂದು ಮುಚ್ಚಿತು. ಬಾಗಿಲಿಗೆ ಶಬ್ದವಾದರೂ ಇದೆ. ‘ರಸ್ತೆಗಳು ಬಿಕೋ ಎನ್ನುತ್ತಿದ್ದವು’ ಎಂಬ ಪ್ರಯೋಗವನ್ನು ನೋಡಿ. ಅಲ್ಲಿ ಜನರಿಲ್ಲ, ಸದ್ದಿಲ್ಲ, ಆ ಸದ್ದಿಲ್ಲದಿರುವಿಕೆಯೇ ‘ಬಿಕೋ’ ಎನ್ನುತ್ತದೆ! ಇಲ್ಲೆಲ್ಲ ‘ಹೇಳು’ ಹಾಕಿದರೆ, ‘ರಸ್ತೆಗಳು ಬಿಕೋ ಎಂದು ಹೇಳುತ್ತಿದ್ದವು’ ಎಂದರೆ, ರಸ್ತೆಗಳು ಯಾರಿಗೋ ಸುದ್ದಿ ಮುಟ್ಟಿಸುತ್ತಿರುವ ಹಾಗಾಗುತ್ತದೆ. ಹೇಳುವುದಕ್ಕೆ ಹೇಳುವ ಮನಸ್ಸು ಬೇಕು. ಎನ್ನುವುದಕ್ಕೆ ಬೇಡ.

ಇನ್ನೊಂದು ಸೂಕ್ಷ್ಮ ಇದೆ, ಕರಡು ತಿದ್ದುವವರಿಗೆ ಖಂಡಿತ ಬೇಕಾಗುತ್ತದೆ. ‘ಎಂದು’ ತಾನು ಹೊತ್ತ ಮಾತಿಗೆ ಜಾಮೀನು ನಿಲ್ಲುವುದಿಲ್ಲ. ‘ಅವನು ಬಂದನೆಂದು ತಿಳಿದೆ, ಆದರೆ ಬಂದಿರಲಿಲ್ಲ’ ಎಂಬುದು ಒಳ್ಳೆಯ ಕನ್ನಡ. ‘ಅವನು ಬಂದದ್ದು ತಿಳಿಯಿತು, ಆದರೆ ಬಂದಿರಲಿಲ್ಲ’ ಎಂಬುದು ತಾನೇ ತನ್ನನ್ನು ಅಲ್ಲಗಳೆಯುವ ಮಾತು. ‘ಬಂದದ್ದು’ ಎಂದ ಕೂಡಲೇ ಬರೆದವನು ಅದನ್ನು ನಿಜವೆಂದು ಒಪ್ಪಿಯಾಯಿತು. ‘ಎಂದು’ ಹಾಕಿದಾಗ ನಿಜವೋ ಸುಳ್ಳೋ ಎಂಬ ಭಾರ ಆ ಮಾತಿನವರ ತಲೆಯ ಮೇಲೇ ಉಳಿಯುತ್ತದೆ.

‘ತಾನು ಬರುತ್ತೇನೆ ಎಂದ’ ಎಂಬ ವಾಕ್ಯವನ್ನು ತಪ್ಪೆಂದು ತಿದ್ದುವವರೂ ಇದ್ದಾರೆ, ದಯವಿಟ್ಟು ತಿದ್ದಬೇಡಿ. ‘ತಾನು’ ಪ್ರಥಮ ಪುರುಷ (‘ಅವನು’ವಿನ ಗುಂಪು), ‘ಬರುತ್ತೇನೆ’ ಉತ್ತಮ ಪುರುಷ (‘ನಾನು’ವಿನ ಗುಂಪು), ಹೊಂದುವುದಿಲ್ಲ ಎನ್ನುವುದು ಅವರ ಆಕ್ಷೇಪ. ಆದರೆ ಕರ್ತೃವನ್ನು ವರದಿ ಮಾಡುವವನ ಕಡೆಯಿಂದ ನೋಡಿ, ಕ್ರಿಯಾಪದವನ್ನು ಆಡಿದವನ ಬಾಯಲ್ಲಿದ್ದ ಹಾಗೇ ಉಳಿಸುವುದು ಕನ್ನಡಕ್ಕೆ ಸಹಜ. ‘ತಾನು ಬರುತ್ತಾನೆ ಎಂದ’ ಎಂದು ಸರಿಪಡಿಸಿದರೆ ನಮ್ಮ ಕಿವಿಗೇ ಅದು ಒಪ್ಪುವುದಿಲ್ಲ. ಅನುಮಾನವಿದ್ದರೆ ‘ತಾನು ಬರುವುದಾಗಿ ಹೇಳಿದ’ ಎಂದು ಬದಲಿಸಬಹುದು. ಆಗ ಆಡಿದ ಮಾತು ಕರಗಿ ಸಾರ ಮಾತ್ರ ಉಳಿಯುತ್ತದೆ, ಮತ್ತು ಅಲ್ಲಿ ‘ಹೇಳಿದ’ ಎಂದೇ ಬರಬೇಕು. ‘ಬರುವುದಾಗಿ ಎಂದ’ ಆಗದು. ಮೇಷ್ಟರ ನಿಯಮಕ್ಕೆ ಇನ್ನೊಂದು ಪುರಾವೆ.

ಕರಡು ತಿದ್ದುವವಳು

ಎಲ್ಲರಿಗೂ ಧನ್ಯವಾದ. ಅಪ್ಪನ ವಾಕ್ಯದಲ್ಲಿ ಏನು ಕಳೆದುಹೋಯಿತೆಂದು ಈಗ ಹೇಳಬಲ್ಲೆ. ‘ನನಗೆ’ ಎಂಬ ಚತುರ್ಥಿ ‘ಹೇಳಿದ’ ಎಂಬುದಕ್ಕೆ ಅಂಟಿಕೊಂಡಿತ್ತು. ‘ಎಂದ’ ಬಂದ ಕೂಡಲೇ ಅದಕ್ಕೆ ನೆಲೆ ತಪ್ಪಿ, ‘ನನಗೆ ಇನ್ನು ಓದಿಸಲು’ ಎಂದು ಮುಂದಿನ ಪದಕ್ಕೆ ತಗುಲಿಕೊಂಡಿತು. ಮೂಲವನ್ನು ಹಾಗೇ ಉಳಿಸಿದ್ದೇನೆ, ಸಂಪಾದಕರಿಗೂ ಕಾರಣ ಬರೆದು ಕಳುಹಿಸಿದ್ದೇನೆ. ಆದರೆ ‘ಎನ್ನು’ವಿಗೂ ಒಬ್ಬರು ಬೇಕಲ್ಲವೆ? ‘ನನ್ನನ್ನು ಜಾಣೆ ಎಂದರು’ ಎನ್ನುತ್ತೇವಲ್ಲ?

ವ್ಯಾಕರಣದ ಮೇಷ್ಟರು

ಅಲ್ಲಿರುವುದು ದ್ವಿತೀಯಾ, ಗಮನಿಸಿ. ‘ನನ್ನನ್ನು ಜಾಣೆ ಎಂದರು’ ಎಂಬಲ್ಲಿ ನೀವು ಕೇಳಿಸಿಕೊಂಡವರಲ್ಲ, ಮಾತಿಗೆ ಗುರಿಯಾದವರು. ನೀವು ಎದುರಿಗೆ ಇರಲೇಬೇಕೆಂದೂ ಇಲ್ಲ, ಬೆನ್ನ ಹಿಂದೆಯೂ ಅನ್ನಬಹುದು. ‘ನನಗೆ ಬಾ ಎಂದರು’ ಎಂದು ಚತುರ್ಥಿಯಲ್ಲಿ ಬಳಸುವುದೂ ಉಂಟು, ತಪ್ಪೆನ್ನುವುದಿಲ್ಲ, ಚಿಕ್ಕ ವಾಕ್ಯದಲ್ಲಿ ನಡೆಯುತ್ತದೆ. ವಾಕ್ಯ ಉದ್ದವಾದಾಗ ನಿಮ್ಮ ಅಪ್ಪನ ವಾಕ್ಯಕ್ಕೆ ಆದದ್ದೇ ಆಗುತ್ತದೆ.

ವರದಿಗಾರ್ತಿ

ಈ ಪ್ರಶ್ನೆ ನನಗೆ ಹೊಟ್ಟೆಪಾಡಿನದು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಪತ್ರಿಕೆಗೆ ಬಂದ ಹೊಸಬರಿಗೆ ಹಿರಿಯರು ಕೊಡುವ ಮೊದಲ ಸಲಹೆ, ‘ಎಂದರು’ ಎಂಬುದನ್ನೇ ಮತ್ತೆ ಮತ್ತೆ ಬಳಸಬೇಡಿ, ಬದಲಿಸಿ ಎಂಬುದು. ಹಾಗಾಗಿ ನುಡಿದರು, ತಿಳಿಸಿದರು, ಅಭಿಪ್ರಾಯಪಟ್ಟರು, ಪ್ರತಿಪಾದಿಸಿದರು, ಸ್ಪಷ್ಟಪಡಿಸಿದರು ಎಂದು ಪೋಣಿಸುತ್ತ ಹೋಗುತ್ತೇವೆ. ಈ ಸಲಹೆ ಅಪಾಯಕಾರಿ ಎಂದು ನಾನು ನಂಬುತ್ತೇನೆ.

ಒಂದೇ ಮಾತನ್ನು ಇಟ್ಟುಕೊಂಡು ಕ್ರಿಯಾಪದ ಮಾತ್ರ ಬದಲಿಸಿ ನೋಡಿ. ‘ಹಣ ಇನ್ನೂ ಬಿಡುಗಡೆಯಾಗಿಲ್ಲ ಎಂದರು.’ ಇಲ್ಲಿ ನಾನು ಬದಿಗೆ ಸರಿದು ನಿಂತಿದ್ದೇನೆ. ‘ಎಂದು ದೂರಿದರು’ ಎಂದು ಬರೆದರೆ ಮಾತನಾಡಿದವರು ನೊಂದವರಾದರು, ಹಣ ಕೊಡಬೇಕಾದವರು ಬೇರೆಯವರಾದರು. ‘ಎಂದು ಒಪ್ಪಿಕೊಂಡರು’ ಎಂದರೆ ಅವರೇ ಬಿಡುಗಡೆ ಮಾಡಬೇಕಾಗಿತ್ತು, ಈವರೆಗೆ ಮುಚ್ಚಿಟ್ಟಿದ್ದರು ಎಂಬ ಅರ್ಥ ಬಂತು. ‘ಎಂದು ಸ್ಪಷ್ಟಪಡಿಸಿದರು’ ಎಂದರೆ ವಿಷಯದಲ್ಲಿ ಗೊಂದಲವಿತ್ತು, ಈಗ ನಿಜ ಹೊರಬಂತು ಎಂದು ನಾನೇ ಮುದ್ರೆ ಒತ್ತಿದಂತಾಯಿತು. ‘ಎಂದು ಹೇಳಿಕೊಂಡರು’ ಎಂದರೆ ಅವರ ಮಾತನ್ನು ನಾನು ನಂಬುವುದಿಲ್ಲ ಎಂದು ಓದುಗರಿಗೆ ಕಣ್ಣು ಮಿಟುಕಿಸಿದಂತಾಯಿತು. ಹಣದ ಸ್ಥಿತಿ ಐದರಲ್ಲೂ ಒಂದೇ. ಬೇಸರ ಕಳೆಯಲೆಂದು ಹಾಕಿದ ಪದ ತೀರ್ಪು ಕೊಟ್ಟುಬಿಡುತ್ತದೆ.

ಇದರ ಇನ್ನೊಂದು ತುದಿ ‘ಎನ್ನಲಾಗಿದೆ’. ಮಾತಿನಲ್ಲಿ ನಾವು ‘ಬರುತ್ತಾರಂತೆ’ ಎನ್ನುತ್ತೇವೆ. ನಾನು ನೋಡಿದ್ದಲ್ಲ, ಕೇಳಿದ್ದು ಎಂದು ಆ ‘ಅಂತೆ’ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಬರಹದಲ್ಲಿ ಅದು ಹಗುರವೆಂದು ‘ಬರುತ್ತಾರೆ ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’ ಎಂದು ಬರೆಯುತ್ತೇವೆ. ಯಾರು ಎಂದದ್ದು? ಕರ್ಮಣಿ ಪ್ರಯೋಗದ ಮರೆಯಲ್ಲಿ ಆ ಹೆಸರು ಅಡಗಿತು. ಅಂತೆಕಂತೆಗೆ ಪಂಚೆ ಉಡಿಸಿದ ಮಾತ್ರಕ್ಕೆ ಅದು ಸುದ್ದಿಯಾಗುವುದಿಲ್ಲ. ಹೆಸರು ಹೇಳುವಂತಿಲ್ಲದಿದ್ದರೆ, ‘ಹೆಸರು ಬಹಿರಂಗಪಡಿಸಲು ಇಚ್ಛಿಸದ ಅಧಿಕಾರಿಯೊಬ್ಬರು ತಿಳಿಸಿದರು’ ಎಂದಾದರೂ ಬರೆಯಬೇಕು. ಒಬ್ಬರು ಇದ್ದಾರೆ, ಅವರು ಅಧಿಕಾರಿ ಎಂಬಷ್ಟಾದರೂ ಓದುಗರಿಗೆ ಗೊತ್ತಾಗುತ್ತದೆ.

ಚಿಕ್ಕ ವಾಕ್ಯದ ಪಕ್ಷ

ಸೇರಿಸಲೇಬೇಕಾದದ್ದು ಈ ‘ವ್ಯಕ್ತಪಡಿಸಿದರು’. ಅಭಿಪ್ರಾಯ ವ್ಯಕ್ತಪಡಿಸಿದರು, ಸಂತಸ ವ್ಯಕ್ತಪಡಿಸಿದರು, ಆತಂಕ ವ್ಯಕ್ತಪಡಿಸಿದರು, ವಿಷಾದ ವ್ಯಕ್ತಪಡಿಸಿದರು. ನಕ್ಕರೋ, ಕಣ್ಣೀರಿಟ್ಟರೋ, ಗಂಟಲು ಕಟ್ಟಿತೋ, ಕಾಗದದಿಂದ ಓದಿದರೋ ಯಾವುದೂ ತಿಳಿಯುವುದಿಲ್ಲ. ಅವರು ಆಡಿದ ನಾಲ್ಕು ಪದಗಳನ್ನು ಇದ್ದ ಹಾಗೇ ಕೊಟ್ಟು ಮುಂದೆ ‘ಎಂದರು’ ಎಂದರೆ ಸಂತಸವೋ ಆತಂಕವೋ ಓದುಗರಿಗೇ ಗೊತ್ತಾಗುತ್ತದೆ. ನನ್ನ ಹಟ ಇರುವುದು ಈ ಕಾರಣಕ್ಕೆ. ‘ಎಂದರು’ ಬರೆಯಬೇಕಾದರೆ ಮಾತು ಕೈಯಲ್ಲಿರಬೇಕು. ‘ವ್ಯಕ್ತಪಡಿಸಿದರು’ ಬರೆಯಲು ಏನೂ ಬೇಕಾಗಿಲ್ಲ.

ಅನುವಾದಕ

ನನ್ನ ತೊಂದರೆ ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದನೆಯ ಹೇಳಿಕೆಯನ್ನು ‘ಎಂದು ಹೇಳಿದರು’ ಎಂದು ಮುಗಿಸುವಷ್ಟರಲ್ಲಿ ಆರು ಸಾಲು ಕಳೆದಿರುತ್ತದೆ. ಅದು ಯಾರ ಮಾತು, ಲೇಖಕರದೋ ಪಾತ್ರದ್ದೋ ಎಂಬ ಅನುಮಾನದಲ್ಲೇ ಓದುಗ ಆರು ಸಾಲು ನಡೆಯಬೇಕು. ಇದಕ್ಕೆ ಹೆದರಿ ಕೆಲವರು ‘ಅವರು ಹೇಳಿದರು, ನಮ್ಮ ಮುಂದೆ ಎರಡು ದಾರಿಗಳಿವೆ’ ಎಂದು ಕ್ರಿಯಾಪದವನ್ನು ಮುಂದಕ್ಕೆ ಎಳೆಯುತ್ತಾರೆ. ಅದು ಪರಭಾಷೆಯ ನಡಿಗೆ. ಕೊಂಡಿಯಿಲ್ಲದೆ ಮಾತು ಗಾಳಿಯಲ್ಲಿ ನೇತಾಡುತ್ತದೆ.

ಕನ್ನಡಕ್ಕೆ ತನ್ನದೇ ಉಪಾಯಗಳಿವೆ. ‘ಅವರು ಹೇಳಿದ್ದಿಷ್ಟು:’ ಎಂದು ಶುರುಮಾಡಿ ಆಮೇಲೆ ಎಷ್ಟು ವಾಕ್ಯ ಬೇಕಾದರೂ ಬರೆಯಬಹುದು. ‘ಅವರ ಮಾತಿನಲ್ಲೇ ಹೇಳುವುದಾದರೆ’ ಎಂದು ಬಾಗಿಲು ತೆರೆಯಬಹುದು. ‘ಅವರು ಹೇಳುವಂತೆ’ ಎಂಬುದೂ ಒಳ್ಳೆಯದೇ, ಆದರೆ ಅದನ್ನು ಹಾಕಿದ ಮೇಲೆ ಕೊನೆಯಲ್ಲಿ ಮತ್ತೆ ‘ಎಂದು ಹೇಳುತ್ತಾರೆ’ ಹಾಕಬಾರದು. ಆ ಪುನರುಕ್ತಿ ಮಾತ್ರ ನಿಜವಾದ ಪುನರುಕ್ತಿ. ದಿನವೂ ಕಾಣುತ್ತೇನೆ, ಕಂಡಾಗಲೆಲ್ಲ ಸಂಕಟವಾಗುತ್ತದೆ.

ನನಗೆ ಹೆಚ್ಚು ಹಿಡಿಸುವ ಉಪಾಯವೆಂದರೆ ಮೊದಲ ಚಿಕ್ಕ ವಾಕ್ಯಕ್ಕೆ ‘ಎಂದರು’ ಕೊಟ್ಟುಬಿಡುವುದು. ‘ನಮ್ಮ ಮುಂದೆ ಎರಡು ದಾರಿಗ­ಳಿವೆ ಎಂದರು.’ ಯಾರ ದನಿ ಎಂದು ಗೊತ್ತಾಯಿತು. ಉಳಿದ ಮಾತು ಕೊಂಡಿಯಿಲ್ಲದೆಯೂ ಅವರ ಬಾಯಿಂದಲೇ ಬರುತ್ತದೆ.

ಕಥೆಗಾರ್ತಿ

ಸಂಭಾಷಣೆ ಬರೆಯುವವರ ಕಡೆಯಿಂದ ಒಂದು ಮಾತು. ಕಥೆಯಲ್ಲಿ ‘ಎಂದ’, ‘ಎಂದಳು’ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಅದರ ದೊಡ್ಡಗುಣ. ಮಾತು ಪಾತ್ರದ್ದು, ಕಣ್ಣು ಅದರ ಮೇಲಿರಬೇಕು. ‘ಉಸುರಿದ’, ‘ಗುಡುಗಿದ’, ‘ಅರುಹಿದ’, ‘ಉಲಿದಳು’ ಎಂದು ಪ್ರತಿ ಸಾಲಿಗೂ ಬದಲಿಸಿದರೆ ಪಾತ್ರದ ಮುಂದೆ ಬರೆಯುವವಳು ಬಂದು ನಿಂತಂತಾಗುತ್ತದೆ. ‘ಹೊರಗೆ ನಡಿ’ ಎಂಬ ಮಾತಿಗೆ ‘ಗುಡುಗಿದ’ ಬೇಕಾಗಿಲ್ಲ, ಗುಡುಗು ಆ ಮಾತಿನಲ್ಲೇ ಇದೆ. ‘ಪಿಸುಗುಟ್ಟಿದಳು’ ಎಂಬುದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಏಕೆಂದರೆ ದನಿ ತಗ್ಗಿದ್ದು ಪದಗಳನ್ನು ನೋಡಿದರೆ ತಿಳಿಯುವುದಿಲ್ಲ.

ಹಾಗೆಂದು ‘ಹೇಳಿದಳು’ ಬೇಡವೆಂದಲ್ಲ. ಇಡೀ ರಾತ್ರಿ ಕುಳಿತು ಒಬ್ಬಳು ಇನ್ನೊಬ್ಬಳಿಗೆ ತನ್ನ ಬದುಕನ್ನೆಲ್ಲ ತೆರೆದಿಟ್ಟರೆ ಅಲ್ಲಿ ‘ಎಂದಳು’ ಸಾಲುವುದಿಲ್ಲ. ‘ಎಲ್ಲವನ್ನೂ ಹೇಳಿದಳು’ ಎನ್ನಬೇಕು. ಯಾವ ಮಾತುಗಳಲ್ಲಿ ಎಂಬುದು ಅಲ್ಲಿ ಮುಖ್ಯವಲ್ಲ, ಹೇಳಿ ಹಗುರಾದದ್ದು ಮುಖ್ಯ.

ಕನ್ನಡ ಕಲಿಯುತ್ತಿರುವವನು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ‘ಕೊಳ್ಳು’ ಸೇರಿದಾಗ ಏನಾಗುತ್ತದೆ? ‘ಹೇಳಿಕೊಂಡೆ’, ‘ಅಂದುಕೊಂಡೆ’, ‘ಅನ್ನಿಸಿಕೊಂಡೆ’ ಈ ಮೂರನ್ನು ನಾನು ಸದಾ ಕಲಸಿಬಿಡುತ್ತೇನೆ. ‘ಅನ್ನು’ ಸರಿಯೋ ‘ಎನ್ನು’ ಸರಿಯೋ ಎಂಬುದೂ ಗೊತ್ತಾಗುತ್ತಿಲ್ಲ.

ಹಳಗನ್ನಡದ ಓದುಗ

ಒಳ್ಳೆಯ ಪ್ರಶ್ನೆ, ಸಂಕೋಚ ಬೇಡ. ಕೊನೆಯದನ್ನು ಮೊದಲು ಮುಗಿಸುತ್ತೇನೆ: ಎರಡೂ ಸರಿ. ಬರಹ ‘ಎಂದು’, ‘ಎನ್ನುವ’ ಎಂಬ ಎಕಾರವನ್ನು ಹೆಚ್ಚು ಒಪ್ಪುತ್ತದೆ. ಆದರೆ ‘ಅಂದರೆ’, ‘ಅನಿಸಿಕೆ’, ‘ಅಂದುಕೊಳ್ಳು’ ಇವು ಅಕಾರದಲ್ಲೇ ಅಚ್ಚಿನಲ್ಲಿ ನೆಲೆಯೂರಿವೆ. ‘ಎಂದರೆ’ ಮತ್ತು ‘ಅಂದರೆ’ ಕೆಲಸ ಹಂಚಿಕೊಂಡಿರುವುದನ್ನೂ ನೋಡಿ. ‘ವ್ಯಾಕರಣ ಎಂದರೆ ಭಯ’ ಎಂಬಲ್ಲಿ ಒಂದು ಪದದ ಬೆನ್ನಿಗೆ ಬಂದಿದೆ. ‘ಅಂದರೆ ನೀವು ಬರುವುದಿಲ್ಲ’ ಎಂಬಲ್ಲಿ ವಾಕ್ಯದ ತಲೆಯಲ್ಲಿ ಕೂತು ಹಿಂದಿನ ಮಾತನ್ನೆಲ್ಲ ಒಟ್ಟುಮಾಡುತ್ತದೆ.

ಈಗ ‘ಕೊಳ್ಳು’. ‘ಅಂದುಕೊಂಡೆ’ ಎಂದರೆ ಮಾತು ಹೊರಗೆ ಬರಲೇ ಇಲ್ಲ, ಮನಸ್ಸಿನಲ್ಲೇ ಆಡಿಕೊಂಡದ್ದು. ಅದಕ್ಕೇ ಅದಕ್ಕೆ ‘ಭಾವಿಸಿದೆ’ ಎಂಬ ಅರ್ಥ ಬಂತು. ‘ಹೇಳಿಕೊಂಡೆ’ ಎಂದರೆ ಹೊರಗೆ ಬಂತು, ಇನ್ನೊಬ್ಬರ ಕಿವಿಗೂ ಬಿತ್ತು, ಆದರೆ ವಿಷಯ ನನ್ನದು: ಕಷ್ಟ ಹೇಳಿಕೊಂಡೆ, ದುಃಖ ಹೇಳಿಕೊಂಡೆ. ಅಲ್ಲಿಂದಲೇ ‘ಹೇಳಿಕೊಳ್ಳುವಂಥದ್ದೇನಲ್ಲ’ ಎಂಬ ಮಾತು ಬಂದಿದೆ, ಹೆಮ್ಮೆಪಡುವಷ್ಟಿಲ್ಲ ಎಂಬರ್ಥದಲ್ಲಿ. ‘ಅನ್ನಿಸಿಕೊಂಡೆ’ ಎಂದರೆ ಅನ್ನುವವರು ಬೇರೆ, ನಾನು ಗುರಿ. ಸಾಮಾನ್ಯವಾಗಿ ಅದು ಬೈಗುಳ. ‘ಅವರ ಕೈಲಿ ಅನ್ನಿಸಿಕೊಂಡೆ’ ಎಂದರೆ ಏನೆಂದರು ಎಂದು ಯಾರೂ ಕೇಳುವುದಿಲ್ಲ. ಅದೇ ‘ಎನಿಸಿಕೊಂಡ’ ಎಂದು ಎಕಾರದಲ್ಲಿ ಬರೆದರೆ ಹಿಂದೆ ಒಂದು ಬಿರುದು ಇರುತ್ತದೆ: ‘ಜಾಣ ಎನಿಸಿಕೊಂಡ’. ಇನ್ನು ‘ಅನ್ನಿಸಿತು’ ಎನ್ನುವುದಕ್ಕೆ ಕರ್ತೃವೇ ಇಲ್ಲ. ‘ನನಗೆ ಹಾಗೆ ಅನ್ನಿಸಿತು’ ಎನ್ನುವಾಗ ಅನ್ನಿಸಿದವರು ಯಾರು? ಯಾರೂ ಅಲ್ಲ. ಅಭಿಪ್ರಾಯ ತಾನಾಗಿ ಬಂದು ನನ್ನನ್ನು ಮುಟ್ಟಿತು. ‘ಅನಿಸಿಕೆ’ ಹುಟ್ಟಿದ್ದು ಈ ವಿನಯದಿಂದ. ‘ಹೇಳಿಕೆ’ಯಲ್ಲಿ ಆ ವಿನಯ ಇಲ್ಲ, ಅದಕ್ಕೆ ಸಹಿ ಬೇಕು.

ವರದಿಗಾರ್ತಿ

ಹೆಸರಿನ ಮುಂದೆ ಬರುವುದು ‘ಎಂಬವರು’, ‘ಎಂಬುವರು’, ‘ಎಂಬುವವರು’ ಇವುಗಳಲ್ಲಿ ಯಾವುದು? ನಮ್ಮಲ್ಲಿ ಮೂರೂ ಅಚ್ಚಾಗುತ್ತವೆ.

ವ್ಯಾಕರಣದ ಮೇಷ್ಟರು

ಎಂಬ ಮತ್ತು ಅವರು ಸೇರಿದರೆ ‘ಎಂಬವರು’. ನಾನು ಅದನ್ನೇ ಬರೆಯುತ್ತೇನೆ. ‘ಎಂಬುವವರು’ ಎಂಬುದರಲ್ಲಿ ಕೃದಂತ ಎರಡು ಸಲ ಬಂದಿದೆ: ‘ಎಂಬ’ ಒಂದು, ಅದರ ಮೇಲೆ ‘ಉವ’ ಇನ್ನೊಂದು. ಎಂಬ ಎಂಬುದೇ ‘ಎನ್ನುವ’ ಎಂಬುದು ಮರೆತುಹೋದದ್ದರಿಂದ ಹುಟ್ಟಿದ ರೂಪ. ‘ಎಂಬುವರು’ ಬಹಳ ಬಳಕೆಯಲ್ಲಿದೆ. ಅದರ ಜೊತೆ ಜಗಳ ಬೇಡ, ಆದರೆ ಒಂದು ಪತ್ರಿಕೆಯಲ್ಲಿ ಒಂದೇ ರೂಪ ಇರಲಿ.

ಕರಡು ತಿದ್ದುವವಳು

ಸಂಪಾದಕರ ಉತ್ತರ ಬಂದಿದೆ. ಕೇಳುಗರು ವಾಕ್ಯದಲ್ಲಿ ಇದ್ದಾಗ, ಅಥವಾ ಹೇಳಿದ್ದರ ಭಾರ ಮುಖ್ಯವಾದಾಗ ‘ಹೇಳಿದರು’ ಇರಲಿ. ಬರಿಯ ಸಂಭಾಷಣೆಯಲ್ಲಿ ‘ಎಂದರು’ ಸಾಕು ಎಂದು ಒಪ್ಪಿದ್ದಾರೆ. ‘ಎಂಬುದಾಗಿ’ ಎಲ್ಲ ಕಡೆಯೂ ಹೋಗುತ್ತಿದೆ, ಅದಕ್ಕೆ ಇಬ್ಬರದೂ ಸಮ್ಮತಿ.

ಒಂದು ವಾಕ್ಯ ಮಾತ್ರ ಇನ್ನೂ ಬಗೆಹರಿದಿಲ್ಲ. ‘ಮಾವ ಬರುವುದಿಲ್ಲ ಎಂದೂ ಹೇಳಲಿಲ್ಲ.’ ಲೇಖಕಿಯ ಉದ್ದೇಶ ಯಾವುದು? ‘ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ’ ಎಂಬುದರ ಅರ್ಧವೋ, ಇಲ್ಲವೇ ‘ಯಾವತ್ತೂ ಹೇಳಲಿಲ್ಲ’ ಎಂಬ ಕಾಲವಾಚಕ ‘ಎಂದೂ’ವೋ?

ಭಾಷಾವಿಜ್ಞಾನದ ವಿದ್ಯಾರ್ಥಿ

ಎರಡು ಬೇರೆ ಬೇರೆ ಪದಗಳು ಒಂದೇ ರೂಪಕ್ಕೆ ಬಂದು ಸೇರಿರುವ ಜಾಗ ಇದು. ‘ಎಂದು ಬರುತ್ತೀರಿ?’ ಎಂಬಲ್ಲಿ ‘ಯಾವ ದಿನ’ ಎಂಬ ಅರ್ಥದ ‘ಎಂದು’ ಇದೆಯಲ್ಲ, ಅದಕ್ಕೂ ‘ಎನ್ನು’ವಿಗೂ ಸಂಬಂಧವಿಲ್ಲ. ನಿಮ್ಮ ವಾಕ್ಯದಲ್ಲಿ ‘ಎಂದೂ’ವನ್ನು ಕಾಲವಾಚಕವಾಗಿ ಓದಿದರೆ ‘ಬರುವುದಿಲ್ಲ’ ಎಂಬುದಕ್ಕೆ ಕೊಂಡಿಯೇ ಉಳಿಯುವುದಿಲ್ಲ. ಆದ್ದರಿಂದ ವ್ಯಾಕರಣ ಮೊದಲ ಓದಿನ ಕಡೆಗಿದೆ. ಆದರೂ ಬರೆದವರನ್ನು ಕೇಳಿಬಿಡಿ. ಕಾಲವೇ ಅವರ ಉದ್ದೇಶವಾಗಿದ್ದರೆ ‘ಬರುವುದಿಲ್ಲವೆಂದು ಮಾವ ಯಾವತ್ತೂ ಹೇಳಲಿಲ್ಲ’ ಎಂದು ಮಾಡಿ.

ಕರಡು ತಿದ್ದುವವಳು

ಕೇಳಿದೆ. ಮೊದಲ ಅರ್ಥವೇ. ‘ಬರುತ್ತೇನೆ ಎಂದೂ ಹೇಳಲಿಲ್ಲ’ ಎಂಬ ಅರ್ಧ ಬೆರಳಚ್ಚು ಮಾಡುವಾಗ ಬಿಟ್ಟುಹೋಗಿತ್ತಂತೆ. ಸೇರಿಸಿದ್ದೇನೆ.